ಲ್ಯಾಂಗೋಲೆನ್ ಕಾಲುವೆಯಲ್ಲಿ ಒಂದು ವಾರ: ಮೊದಲ ಸಲ ನಾವೇ ಬೋಟ್ ಓಡಿಸುತ್ತಿದ್ದೇವೆ, ಲಾಕ್ ದಾಟುವುದು ಹೇಗೆ?

ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾವು ನಾಲ್ಕು ಜನ ಒಂದು ವಾರ ನ್ಯಾರೋಬೋಟ್‌ನಲ್ಲಿ, ಅಂದರೆ ಕಾಲುವೆಯಲ್ಲಿ ಓಡುವ ಕಿರಿದಾದ ಉದ್ದನೆಯ ಬೋಟಿನಲ್ಲಿ ಇರುತ್ತೇವೆ. ನಾನು, ನನ್ನ ಗಂಡ, 11 ವರ್ಷದ ಮಗಳು, 68 ವರ್ಷದ ಅತ್ತೆ. ಇಂಗ್ಲೆಂಡಿನ ರೆನ್ಬರಿಯಲ್ಲಿ ಬೋಟ್ ಹತ್ತಿ ವೇಲ್ಸ್‌ನ ಲ್ಯಾಂಗೋಲೆನ್‌ವರೆಗೆ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬರುವ ಯೋಚನೆ. ಬೋಟ್ 57 ಅಡಿ ಉದ್ದ ಇದೆಯಂತೆ. ಡ್ರೈವರ್ ಇರುವುದಿಲ್ಲ, ನಾವೇ ಓಡಿಸಬೇಕು. ಮೊದಲ ದಿನ ಒಂದು ಗಂಟೆ ಹೇಳಿಕೊಡುತ್ತಾರಂತೆ, ಅಷ್ಟೇ.

ನಮ್ಮಲ್ಲಿ ಯಾರೂ ಇದುವರೆಗೆ ಬೋಟ್ ಓಡಿಸಿಲ್ಲ. ಕಾರು ಓಡಿಸುತ್ತೇವೆ. ನನಗೆ ದೊಡ್ಡ ಭಯ ಲಾಕ್‌ಗಳದ್ದು, ಅಂದರೆ ಬೋಟನ್ನು ಮೇಲಿನ ಇಲ್ಲವೇ ಕೆಳಗಿನ ನೀರಿನ ಮಟ್ಟಕ್ಕೆ ತರುವ ತೊಟ್ಟಿಗಳದ್ದು. ವಿಡಿಯೋ ನೋಡಿದೆ. ಬೋಟ್ ಕಲ್ಲಿನ ಗುಂಡಿಯೊಳಗೆ ಇಳಿಯುತ್ತದೆ, ಮೇಲೆ ಬಾಗಿಲಿಂದ ನೀರು ಸುರಿಯುತ್ತದೆ. ಮಗಳು ಲಾಕ್ ಕೆಲಸ ತಾನೇ ಮಾಡುತ್ತೇನೆ ಅಂತ ಕುಣಿಯುತ್ತಿದ್ದಾಳೆ. ಅತ್ತೆಗೆ ಮಂಡಿ ನೋವು, ಇಳಿದು ಹತ್ತುವುದು ಕಷ್ಟ.

ಅನುಭವ ಇರುವವರು ದಯವಿಟ್ಟು ಹೇಳಿ. ಏನು ಕಲಿತಿರಬೇಕು? ಯಾವುದರಲ್ಲಿ ನಿಜವಾಗಿ ಅಪಾಯ ಇದೆ, ಯಾವುದಕ್ಕೆ ಸುಮ್ನೆ ಹೆದರುತ್ತಿದ್ದೇನೆ?

ಹಳೇಹಗ್ಗ

ಸಂಜೆಮಲ್ಲಿಗೆ ಅವರೇ, ಒಳ್ಳೆಯ ದಾರಿ ಆರಿಸಿಕೊಂಡಿದ್ದೀರಿ. ನಾನು ಅಲ್ಲಿಗೆ ನಾಲ್ಕು ಸಲ ಹೋಗಿದ್ದೇನೆ. ರೆನ್ಬರಿಯಿಂದ ಲ್ಯಾಂಗೋಲೆನ್‌ಗೆ ಬರೀ 12 ಲಾಕ್. ಹೋಗುವಾಗ ಎಲ್ಲವೂ ಹತ್ತುವ ಲಾಕ್, ಬರುವಾಗ ಎಲ್ಲವೂ ಇಳಿಯುವ ಲಾಕ್. ಇದು ಹೊಸಬರಿಗೆ ಅನುಕೂಲ. ಹತ್ತುವುದನ್ನು ಮೊದಲು ಸರಿಯಾಗಿ ಕಲಿತು, ಆಮೇಲೆ ಇಳಿಯುವುದಕ್ಕೆ ಕೈ ಹಾಕುತ್ತೀರಿ.

ಲಾಕ್ ಅಂದರೆ ಏನು ಅಂತ ಮಗಳಿಗೆ ಈಗಲೇ ಹೇಳಿಕೊಡಿ. ಅದು ಎರಡು ತುದಿಗೂ ಬಾಗಿಲಿರುವ ಒಂದು ಕಲ್ಲಿನ ತೊಟ್ಟಿ. ಬಾಗಿಲಲ್ಲಿ, ಇಲ್ಲವೇ ಪಕ್ಕದ ನೆಲದ ಅಡಿಯಲ್ಲಿ ತೂಬು ಇರುತ್ತದೆ. ಮೇಲಿನ ತೂಬು ಎತ್ತಿದರೆ ತೊಟ್ಟಿ ತುಂಬುತ್ತದೆ, ಕೆಳಗಿನದು ಎತ್ತಿದರೆ ಖಾಲಿಯಾಗುತ್ತದೆ. ಪಂಪ್ ಇಲ್ಲ, ಮೋಟಾರ್ ಇಲ್ಲ. ಎರಡೂ ಕಡೆ ನೀರಿನ ಮಟ್ಟ ಸಮ ಆಗುವ ತನಕ ಹತ್ತು ಜನ ತಳ್ಳಿದರೂ ಬಾಗಿಲು ಅಲುಗುವುದಿಲ್ಲ. ಸಮ ಆದ ಮೇಲೆ ನಿಮ್ಮ ಮಗಳು ಬೆನ್ನು ಕೊಟ್ಟು ನಿಂತರೂ ಸಾಕು, ಮೆಲ್ಲಗೆ ತೆರೆದುಕೊಳ್ಳುತ್ತದೆ. ಆ ಕ್ಷಣ ಅವಳ ಮುಖ ನೋಡಿ.

ನಿಜವಾದ ಅಪಾಯ ಎರಡೇ ಕಡೆ ಇದೆ.

ಹತ್ತುವಾಗ: ತೂಬುಗಳನ್ನು ಒಂದೇ ಸಲಕ್ಕೆ ಪೂರ್ತಿ ಎತ್ತಬೇಡಿ. ನೀರು ರಭಸವಾಗಿ ಬಂದು ಬೋಟನ್ನು ಹಿಂದೆ ಮುಂದೆ ಎಳೆದಾಡುತ್ತದೆ. ನೆಲದ ತೂಬು ಮೊದಲು, ಅದೂ ಅರ್ಧ. ಬಾಗಿಲಲ್ಲೇ ತೂಬು ಇದ್ದರೆ ಅದನ್ನು ಕೊನೆಗೆ. ಇಲ್ಲದಿದ್ದರೆ ನೀರು ನೇರ ಬೋಟಿನ ಮೂತಿಗೆ ಬಂದು ಬೀಳುತ್ತದೆ. ಬೋಟಿನ ಮೂತಿ ಬಾಗಿಲಿನ ಅಡ್ಡಪಟ್ಟಿಯ ಕೆಳಗೆ ಸಿಕ್ಕಿಕೊಳ್ಳದ ಹಾಗೆ ನೋಡುತ್ತಿರಿ. ನೀರು ಏರುತ್ತಾ ಮೂತಿ ಮಾತ್ರ ಏರದೆ ನಿಂತರೆ ಬೋಟಿನೊಳಗೆ ನೀರು ನುಗ್ಗುತ್ತದೆ.

ಇಳಿಯುವಾಗ: ಮೇಲಿನ ಬಾಗಿಲಿನ ಬುಡದಲ್ಲಿ ಒಂದು ಕಲ್ಲಿನ ಕಟ್ಟೆ ಇದೆ. ಅಲ್ಲಿಯವರು ಸಿಲ್ ಅನ್ನುತ್ತಾರೆ, ನಾನು ಹೊಸ್ತಿಲು ಅನ್ನುತ್ತೇನೆ. ಲಾಕ್ ತುಂಬಿರುವಾಗ ಅದು ನೀರಿನ ಕೆಳಗೆ ಮುಚ್ಚಿಹೋಗಿರುತ್ತದೆ. ಬೋಟಿನ ಹಿಂಭಾಗ ಅದರ ಮೇಲೆ ಇರುವಾಗ ನೀರು ಇಳಿದರೆ ಹಿಂಭಾಗ ಅಲ್ಲೇ ಕೂತುಬಿಡುತ್ತದೆ, ಮುಂಭಾಗ ಮಾತ್ರ ಇಳಿಯುತ್ತಾ ಹೋಗುತ್ತದೆ. ಬೋಟ್ ಮುಳುಗುವುದು ಹೀಗೆ. ಅದಕ್ಕೇ ಗೋಡೆಯ ಮೇಲೆ ಗುರುತು ಬರೆದಿರುತ್ತಾರೆ. ಓಡಿಸುವವರು ಆ ಗುರುತಿನಿಂದ ಮುಂದೆ ಇರಬೇಕು, ನೀರು ಪೂರ್ತಿ ಇಳಿಯುವ ತನಕ ಅಲ್ಲೇ ಇರಬೇಕು.

ಏನೇ ಎಡವಟ್ಟಾದರೂ ಒಂದೇ ಮಾತು: ತೂಬು ಮುಚ್ಚಿ. ಕೂಗಿ, ಮುಚ್ಚಿ. ನೀರಿನ ಓಟ ನಿಂತರೆ ಯೋಚಿಸುವುದಕ್ಕೆ ಸಮಯ ಸಿಗುತ್ತದೆ.

ಚುಕ್ಕಾಣಿ

ಹಳೇಹಗ್ಗ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ತೂಬು ಎತ್ತುವ ಕಬ್ಬಿಣದ ಹಿಡಿಗೆ ವಿಂಡ್‌ಲಾಸ್ ಅಂತಾರೆ. ಎತ್ತಿದ ಮೇಲೆ ಅದನ್ನು ಅಲ್ಲೇ ಬಿಟ್ಟು ಓಡಾಡಬಾರದು. ತಡೆಹಲ್ಲು ಜಾರಿದರೆ ಹಿಡಿ ಗಿರಗಿರ ತಿರುಗಿ ಕೈ, ಮುಖಕ್ಕೆ ಹೊಡೆಯುತ್ತದೆ. ಕೆಲಸ ಆದ ಕೂಡಲೇ ಕೈಗೆ ತೆಗೆದುಕೊಳ್ಳಬೇಕು. ಮಗಳಿಗೆ ಇದನ್ನು ಅಭ್ಯಾಸ ಮಾಡಿಸಿ.

ಇನ್ನು ಓಡಿಸುವುದು. ಕಾರಿನ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಟಿಲ್ಲರ್, ಅಂದರೆ ಚುಕ್ಕಾಣಿ ತಿರುಗಿಸುವ ಉದ್ದನೆಯ ಹಿಡಿ, ಎಡಕ್ಕೆ ತಳ್ಳಿದರೆ ಬೋಟ್ ಬಲಕ್ಕೆ ಹೋಗುತ್ತದೆ. ಇದು ಅರ್ಧ ಗಂಟೆಯಲ್ಲಿ ರೂಢಿಯಾಗುತ್ತದೆ. ರೂಢಿಯಾಗದ್ದು ಇನ್ನೊಂದು. ಕಾರು ಮುಂದಿನ ಚಕ್ರದಿಂದ ತಿರುಗುತ್ತದೆ. ಬೋಟ್ ನಡು ಭಾಗದ ಮೇಲೆ ತಿರುಗುತ್ತದೆ. ಮೂತಿ ಬಲಕ್ಕೆ ಹೋದರೆ ಹಿಂಭಾಗ ಎಡಕ್ಕೆ ಬೀಸುತ್ತದೆ. ದಡದಿಂದ ಹೊರಡುವಾಗ ಮೂತಿಯನ್ನು ಜೋರಾಗಿ ಹೊರಗೆ ತಿರುಗಿಸಿದರೆ ಹಿಂಭಾಗ, ಅಂದರೆ ಪ್ರೊಪೆಲರ್ ಇರುವ ಕಡೆ, ದಡದ ಕೆಸರಿಗೆ ಹೋಗಿ ಹೊಡೆಯುತ್ತದೆ.

ಬ್ರೇಕ್ ಇಲ್ಲ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಆದರೆ ರಿವರ್ಸ್ ಹಾಕಿದಾಗ ಚುಕ್ಕಾಣಿ ಮಾತು ಕೇಳುವುದಿಲ್ಲ ಅನ್ನುವುದು ಗೊತ್ತಿರುವುದಿಲ್ಲ. ಪ್ರೊಪೆಲರ್ ನೀರನ್ನು ಚುಕ್ಕಾಣಿಯ ಮೇಲೆ ತಳ್ಳುತ್ತಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಹಾಗಾಗಿ ನಿಲ್ಲಿಸಬೇಕಾದ ಜಾಗಕ್ಕಿಂತ ಎರಡು ಮೂರು ಬೋಟಿನಷ್ಟು ದೂರದಲ್ಲೇ ನಿಧಾನ ಮಾಡಿ, ನೇರ ಮಾಡಿಕೊಳ್ಳಿ. ಆಮೇಲೆ ರಿವರ್ಸ್.

ಬೋಟಿನ ಅಗಲ 6 ಅಡಿ 10 ಇಂಚು, ಆ ಲಾಕ್‌ಗಳ ಅಗಲ ಸುಮಾರು 7 ಅಡಿ. ಎರಡು ಕಡೆಯೂ ಸೇರಿ ಉಳಿಯುವುದು ಬೆರಳಿನಷ್ಟು ಜಾಗ. ನಿಧಾನವಾಗಿ ಬಂದರೆ ಸರಕ್ಕನೆ ಒಳಗೆ ಹೋಗುತ್ತದೆ. ಗೋಡೆಗೆ ಮುಟ್ಟಿದರೂ ಪರವಾಗಿಲ್ಲ, ಉಕ್ಕಿನ ಬೋಟ್. ಆದರೆ ಯಾರೂ ಕೈ ಕಾಲು ಹೊರಗೆ ಇಟ್ಟು ತಳ್ಳಬಾರದು. ಬೋಟ್ ತುಂಬಾ ಟನ್ ತೂಕ ಇರುತ್ತದೆ.

ಮಳೆಬಿಲ್ಲು

ನನ್ನದೊಂದು ಪ್ರಶ್ನೆ. ಅಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ, ಅಂದರೆ 6.4 ಕಿ.ಮೀ. ಒಂದೇ ವಾರ ಇರುವಾಗ ಪೂರ್ತಿ ಆ ವೇಗದಲ್ಲಿ ಓಡಿಸಿದರೆ ತಪ್ಪೇನು? ನಾವು ಹೋದಾಗ ಎಲ್ಲರೂ "ನಿಧಾನ, ನಿಧಾನ" ಅಂತ ಕೂಗುತ್ತಿದ್ದರು. ನಾವು ಮಿತಿಯೊಳಗೇ ಇದ್ದೆವು. ನಿಜವಾಗಿ ಬೇಸರ ಆಯಿತು.

ದಡದಮರ

ಮಳೆಬಿಲ್ಲು ಅವರೇ, ನಿಮ್ಮ ಬೇಸರ ಅರ್ಥವಾಗುತ್ತದೆ. ನಾನು ಕಟ್ಟಿ ನಿಲ್ಲಿಸಿದ ಬೋಟಿನಲ್ಲೇ ಎರಡು ವರ್ಷ ವಾಸ ಮಾಡಿದ್ದೇನೆ. ಒಳಗಿನಿಂದ ಅದು ಹೇಗಿರುತ್ತದೆ ಅಂತ ಹೇಳುತ್ತೇನೆ.

ಬೆಳಿಗ್ಗೆ ಒಳಗೆ ಕೂತಿರುತ್ತೇನೆ. ದೂರದಲ್ಲಿ ಎಂಜಿನ್ ಸದ್ದು. ಬೋಟ್ ಇನ್ನೂ ಬಂದೇ ಇರುವುದಿಲ್ಲ, ಅಷ್ಟರಲ್ಲಿ ನನ್ನ ಬೋಟ್ ತಾನಾಗಿ ಮುಂದಕ್ಕೆ ಜರುಗುತ್ತದೆ. ಹಗ್ಗ ಕಿರ್ ಅನ್ನುತ್ತದೆ. ಅದು ಪಕ್ಕದಲ್ಲಿ ಹೋಗುತ್ತಿದ್ದ ಹಾಗೆ ದಡದ ನೀರು ಹಿಂದಕ್ಕೆ ಎಳೆದುಕೊಳ್ಳುತ್ತದೆ, ನನ್ನ ಬೋಟ್ ಅತ್ತ ವಾಲುತ್ತದೆ. ಆಮೇಲೆ ನೀರೆಲ್ಲ ವಾಪಸ್ ಬಂದು ದಡಕ್ಕೆ ಹೊಡೆಯುತ್ತದೆ. ಒಲೆಯ ಮೇಲಿನ ಪಾತ್ರೆ ಜಾರುತ್ತದೆ. ಮೆತ್ತನೆ ಮಣ್ಣಿನಲ್ಲಿ ಹೊಡೆದ ಗೂಟ ಎರಡು ಸಲ ಕಿತ್ತು ಬಂದಿದೆ. ಒಂದು ಸಲ ಒಲೆಯಲ್ಲಿ ಕುದಿಯುವ ನೀರಿತ್ತು.

ಆ ದಡದಲ್ಲೇ ನೀರಿಲಿಗಳು ಬಿಲ ಮಾಡುತ್ತವೆ. ನೀರಕೋಳಿ ಗೂಡು ಕಟ್ಟುತ್ತದೆ, ನೀರಿನ ಮಟ್ಟಕ್ಕೆ ಸರಿಯಾಗಿ. ಒಂದು ದೊಡ್ಡ ಅಲೆ ಬಂದರೆ ಮೊಟ್ಟೆ ನೀರುಪಾಲು.

ನಿಂತ ಬೋಟುಗಳ ಹತ್ತಿರ ಬರುವ ಮೊದಲೇ ಎಂಜಿನ್ ಪೂರ್ತಿ ಇಳಿಸಿ. ಮೊದಲ ಬೋಟ್ ಪಕ್ಕದಲ್ಲಿ ಬಂದಾಗ ಅಲ್ಲ, ಅದಕ್ಕಿಂತ ಮೊದಲು. ನಮ್ಮ ಕೈ ಬೀಸುವಿಕೆ ಬೈಗುಳ ಅಲ್ಲ.

ಚುಕ್ಕಾಣಿ

ಮಳೆಬಿಲ್ಲು, ಇದರ ಕಾರಣ ತಿಳಿದರೆ ಬೇಸರ ಹೋಗುತ್ತದೆ. ಕಾಲುವೆ ಸಮುದ್ರ ಅಲ್ಲ, ಅಗಲ ಕಮ್ಮಿ, ಆಳ ಇನ್ನೂ ಕಮ್ಮಿ. ಬೋಟ್ ಮುಂದೆ ಹೋದಷ್ಟೂ ಅದು ತಳ್ಳಿದ ನೀರು ಪಕ್ಕದಿಂದ, ಅಡಿಯಿಂದ ಹಿಂದಕ್ಕೆ ಹೋಗಬೇಕು. ಜಾಗ ಸಾಲದೆ ಹೋದರೆ ನೀರಿನ ಮಟ್ಟ ಬೋಟಿನ ಸುತ್ತ ತಗ್ಗುತ್ತದೆ, ಹಿಂಭಾಗ ಕೆಳಗೆ ಕುಸಿಯುತ್ತದೆ. ಪ್ರೊಪೆಲರ್ ಹೂಳು ಕಲಕುತ್ತದೆ. ಆಗ ಎಂಜಿನ್ ಜಾಸ್ತಿ ಮಾಡಿದರೂ ವೇಗ ಬರುವುದಿಲ್ಲ, ಸದ್ದು, ಹೊಗೆ, ಅಲೆ ಮಾತ್ರ. ನಾನೇ ಆಳ ಕಮ್ಮಿ ಇರುವ ಕಡೆ ಎಂಜಿನ್ ಇಳಿಸಿ ನೋಡಿದ್ದೇನೆ, ಬೋಟ್ ಸ್ವಲ್ಪ ಜೋರಾಗೇ ಹೋಯಿತು.

ಹಿಂದೆ ತಿರುಗಿ ನೋಡಿ. ದಡದಲ್ಲಿ ನಿಮ್ಮ ಅಲೆ ಮುರಿದು ನೊರೆ ಎದ್ದರೆ ಜಾಸ್ತಿ ಆಯಿತು ಅಂತಲೇ ಅರ್ಥ, ಮೀಟರ್ ಏನೇ ಹೇಳಲಿ. 4 ಮೈಲಿ ಗರಿಷ್ಠ ಮಿತಿ, ತಲುಪಲೇಬೇಕಾದ ಗುರಿ ಅಲ್ಲ. ಸರಾಸರಿ 3 ಮೈಲಿ ಹಿಡಿಯಿರಿ.

ಮಳೆಬಿಲ್ಲು

ಒಪ್ಪಿದೆ. ಪಾತ್ರೆ ಜಾರುವ ವಿಷಯ ನನಗೆ ಹೊಳೆದಿರಲಿಲ್ಲ. ಮುಂದಿನ ಸಲ ಖಂಡಿತ ನೋಡಿಕೊಳ್ಳುತ್ತೇನೆ.

ಸಂಜೆಮಲ್ಲಿಗೆ

ಇಷ್ಟೊಂದು ವಿವರ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಮಗಳು "ಹೊಸ್ತಿಲು" ಅನ್ನುವುದನ್ನು ಚಿತ್ರ ಬರೆದು ಗೋಡೆಗೆ ಅಂಟಿಸಿದ್ದಾಳೆ.

ಮೂರು ಪ್ರಶ್ನೆ ಉಳಿದಿದೆ. ಒಂದು, ದಿನಕ್ಕೆ ಎಷ್ಟು ದೂರ ಹೋಗಬಹುದು? ಎರಡು, ಅತ್ತೆ ಎಲ್ಲಿ ಕೂರಬೇಕು? ಮೂರು, ನನ್ನ ಗಂಡ ಕೇಳುತ್ತಿದ್ದಾರೆ, ಲಾಕ್ ಒಳಗೆ ಬೋಟನ್ನು ಹಗ್ಗದಿಂದ ಕಟ್ಟಬೇಕಾ? ವಿಡಿಯೋದಲ್ಲಿ ಕೆಲವರು ಕಟ್ಟಿದ್ದರು, ಕೆಲವರು ಕಟ್ಟಿರಲಿಲ್ಲ.

ಹಳೇಹಗ್ಗ

ದೂರದ ಲೆಕ್ಕ ಸುಲಭ. ಗಂಟೆಗೆ 4.5 ಕಿ.ಮೀ., ಲಾಕ್ ಒಂದಕ್ಕೆ ಕಾಲು ಗಂಟೆ. ನಿಮ್ಮದು ಒಂದು ಕಡೆಗೆ ಸುಮಾರು 60 ಕಿ.ಮೀ. ಅಂದರೆ ಹದಿಮೂರೂವರೆ ಗಂಟೆ ಓಟ, 12 ಲಾಕ್‌ಗೆ ಮೂರು ಗಂಟೆ. ಹೋಗಿ ಬರುವುದಕ್ಕೆ 33 ಗಂಟೆ. ಆರು ದಿನಕ್ಕೆ ಹಂಚಿದರೆ ದಿನಕ್ಕೆ ಐದೂವರೆ ಗಂಟೆ. ದಾರಿಯಲ್ಲಿ ಎತ್ತುವ ಸೇತುವೆಗಳಿವೆ, ಗ್ರಿಂಡ್ಲಿ ಬ್ರೂಕ್‌ನಲ್ಲಿ ಸರದಿ ಇರಬಹುದು. ಅದಕ್ಕೆ ಒಂದರ್ಧ ದಿನ ಕೈಯಲ್ಲಿ ಇಟ್ಟುಕೊಳ್ಳಿ. ಕತ್ತಲಲ್ಲಿ ಓಡಿಸುವ ಹಾಗಿಲ್ಲ.

ಗ್ರಿಂಡ್ಲಿ ಬ್ರೂಕ್ ಬಗ್ಗೆ ಎರಡು ಮಾತು. ಅಲ್ಲಿ ಆರು ಲಾಕ್. ಮೊದಲ ಮೂರು ಬಿಡಿಬಿಡಿ, ಮೇಲಿನ ಮೂರು ಒಂದಕ್ಕೊಂದು ಅಂಟಿಕೊಂಡಿವೆ. ಒಂದರ ಮೇಲಿನ ಬಾಗಿಲೇ ಇನ್ನೊಂದರ ಕೆಳಗಿನ ಬಾಗಿಲು. ಹತ್ತುವಾಗ ಕೆಳಗಿನ ತೊಟ್ಟಿ ಖಾಲಿ ಇರಬೇಕು, ಮೇಲಿನ ಎರಡೂ ತುಂಬಿರಬೇಕು. ಸೀಸನ್‌ನಲ್ಲಿ ಲಾಕ್ ನೋಡಿಕೊಳ್ಳುವವರು ಅಲ್ಲೇ ಇರುತ್ತಾರೆ. ಅವರು ಹೇಳುವ ತನಕ ಒಂದು ತೂಬೂ ಮುಟ್ಟಬೇಡಿ.

ಹಗ್ಗ: ಅಷ್ಟು ಕಿರಿದಾದ ಲಾಕ್‌ನಲ್ಲಿ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಎಂಜಿನ್ ಮೇಲೆ ಮೆಲ್ಲಗೆ ಹಿಡಿದುಕೊಂಡರೆ ಸಾಕು. ಹಿಡಿಯಲೇಬೇಕು ಅಂದರೆ ಗೂಟಕ್ಕೆ ಒಂದು ಸುತ್ತು ಹಾಕಿ ತುದಿಯನ್ನು ಕೈಯಲ್ಲೇ ಇಟ್ಟುಕೊಳ್ಳಿ, ಇಳಿದ ಹಾಗೆ ಬಿಡುತ್ತಾ ಹೋಗಿ. ಗಂಟು ಹಾಕಬಾರದು. ಇಳಿಯುವಾಗ ಗಂಟು ಹಾಕಿದರೆ ಬೋಟ್ ಹಗ್ಗದಲ್ಲಿ ನೇತಾಡುತ್ತದೆ.

ಬೆಳ್ಳಕ್ಕಿ

ಅತ್ತೆಯವರ ಬಗ್ಗೆ ನಾನು ಹೇಳುತ್ತೇನೆ, ನಮ್ಮ ಅಮ್ಮನನ್ನು 72ನೇ ವಯಸ್ಸಿನಲ್ಲಿ ಕರೆದುಕೊಂಡು ಹೋಗಿದ್ದೆ.

ಮುಂಭಾಗದಲ್ಲಿ ಒಂದು ಚಿಕ್ಕ ಕಟ್ಟೆ ಇರುತ್ತದೆ, ಎರಡು ಕಡೆ ಬೆಂಚು. ಓಡುವಾಗ ಅಲ್ಲಿ ಕೂರಲಿ. ಎಂಜಿನ್ ಹಿಂದೆ 50 ಅಡಿ ದೂರ, ಸದ್ದೇ ಕೇಳುವುದಿಲ್ಲ. ನೀರು ಸೀಳಿಕೊಂಡು ಹೋಗುವ ಸದ್ದು ಮಾತ್ರ. ಅಮ್ಮ ಇಡೀ ದಿನ ಅಲ್ಲಿಂದ ಎದ್ದಿರಲಿಲ್ಲ. ಲಾಕ್ ಬಂದಾಗ ಮಾತ್ರ ಒಳಗೆ ಹೋಗಿ ಕೂರಲಿ, ಇಲ್ಲವೇ ಮೊದಲೇ ದಡಕ್ಕೆ ಇಳಿದು ಬೆಂಚಿನ ಮೇಲೆ ಕೂತು ನೋಡಲಿ. ಬೋಟ್ ಗೋಡೆಗೆ ತಾಗಿದಾಗ ನಿಂತವರು ಮುಗ್ಗರಿಸುತ್ತಾರೆ.

ಬೋಟಿನ ಪಕ್ಕದ ಕಿರಿದಾದ ಅಂಚಿನ ಮೇಲೆ ಓಡುವಾಗ ಯಾರೂ ನಡೆಯಬಾರದು. ಮಾಡಿನ ಮೇಲೆ ಕಾಲು ಇಳಿಬಿಟ್ಟು ಕೂರಬಾರದು, ಸೇತುವೆ ತಲೆಗೆ ಬಡಿಯುತ್ತದೆ. ಮಗಳಿಗೆ ಲೈಫ್ ಜಾಕೆಟ್ ಹಾಕಿ, ಹೊರಗೆ ಬಂದಾಗೆಲ್ಲ. ಯಾರಾದರೂ ನೀರಿಗೆ ಬಿದ್ದರೆ ಮೊದಲು ಎಂಜಿನ್ ನ್ಯೂಟ್ರಲ್‌ಗೆ. ಅವರ ಕಡೆಗೆ ರಿವರ್ಸ್ ಬರಬಾರದು, ಪ್ರೊಪೆಲರ್ ಇದೆ. ಬಹಳ ಕಡೆ ಕಾಲುವೆ ಎದೆ ಮಟ್ಟಕ್ಕಿಂತ ಆಳ ಇರುವುದಿಲ್ಲ. "ಎದ್ದು ನಿಲ್ಲು" ಅಂತ ಕೂಗಿ. ಲಾಕ್ ಒಳಗೆ ಮಾತ್ರ ಆಳ ಜಾಸ್ತಿ.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯಾ ಅಂತ ಹತ್ತಿದ ದಿನವೇ ಒತ್ತಿ ನೋಡಿ. ಚಳಿ ಅಂತ ಗಾಳಿಕಿಂಡಿ ಮುಚ್ಚಬೇಡಿ. ಆ ಅನಿಲಕ್ಕೆ ವಾಸನೆ ಇಲ್ಲ. ಈ ವಿಷಯದಲ್ಲಿ ನಾನು ಹಟ ಮಾಡಿಯೇ ಹೇಳುತ್ತೇನೆ.

ಅಲೆಮಾರಿ

ಅಷ್ಟು ಭಯ ಇದ್ದರೆ ಫ್ರಾನ್ಸಿನ ಕನಾಲ್ ದ್ಯು ಮಿದಿಗೆ ಹೋಗಬಹುದಲ್ವಾ? ನಾವು ಹೋಗಿದ್ದೆವು. ಅಲ್ಲಿ ತೂಬು ಎತ್ತುವ ಕೆಲಸ ನಮಗಿಲ್ಲ. ಲಾಕ್‌ನಲ್ಲಿ ಸಿಬ್ಬಂದಿ ಇರುತ್ತಾರೆ, ಕೆಲವು ಕಡೆ ಯಂತ್ರ. ನಾವು ಹಗ್ಗ ಹಿಡಿದುಕೊಂಡು ನಿಂತರೆ ಆಯಿತು. ಬಾಡಿಗೆ ಬೋಟ್‌ಗೆ ಲೈಸೆನ್ಸ್ ಕೇಳುವುದಿಲ್ಲ.

240 ಕಿ.ಮೀ. ಉದ್ದದ ಆ ಕಾಲುವೆ 1681ರಲ್ಲಿ ತೆರೆಯಿತು. ಅದನ್ನು ಕಟ್ಟಿಸಿದ ಪಿಯರ್ ಪಾಲ್ ರಿಕೆ ಹಿಂದಿನ ವರ್ಷ, 1680ರಲ್ಲೇ ತೀರಿಕೊಂಡರು. ತಮ್ಮ ದುಡ್ಡನ್ನೆಲ್ಲ ಸುರಿದು ಕಟ್ಟಿಸಿದ್ದು, ಅದು ಪೂರ್ತಿಯಾಗಿದ್ದನ್ನು ನೋಡಲಿಲ್ಲ. ಅಲ್ಲಿನ ಹಳೆಯ ಲಾಕ್‌ಗಳ ಗೋಡೆ ನೇರ ಇಲ್ಲ, ಮೊಟ್ಟೆಯ ಹಾಗೆ ಹೊರಗೆ ಬಾಗಿದೆ. ಹಿಂದಿನ ಮಣ್ಣು ಒತ್ತಿದರೂ ಕುಸಿಯಬಾರದು ಅಂತ ಕಮಾನನ್ನು ಮಲಗಿಸಿ ಕಟ್ಟಿದ ಹಾಗೆ. ಕಲ್ಲಿನ ಆ ಬಾಗನ್ನು ಕೈಯಿಂದ ಸವರಿಕೊಂಡೇ ನಾನು ಮೇಲೆ ಬಂದೆ.

ಹಳೇಹಗ್ಗ

ಅಲೆಮಾರಿ, ಮಿದಿ ಸುಂದರ, ಒಪ್ಪುತ್ತೇನೆ. ಆದರೆ ಆ ಬಾಗಿದ ಗೋಡೆಯಿಂದಲೇ ಅಲ್ಲಿ ಹಗ್ಗದ ಕೆಲಸ ಜಾಸ್ತಿ. ಲಾಕ್ ಅಗಲ, ಬೋಟ್ ಅತ್ತಿತ್ತ ಹೊರಳುತ್ತದೆ, ಜೊತೆಗೆ ಇನ್ನೆರಡು ಬೋಟ್ ಇರುತ್ತವೆ. ಹಗ್ಗ ಎಳೆಯುವುದಕ್ಕೆ ಇಬ್ಬರು ಗಟ್ಟಿ ಆಳು ಬೇಕು. ಇಲ್ಲಿ ಲಾಕೇ ಬೋಟನ್ನು ಹಿಡಿದುಕೊಳ್ಳುತ್ತದೆ. ಮಂಡಿ ನೋವಿನ ಅತ್ತೆ, 11 ವರ್ಷದ ಮಗಳು ಇರುವ ಮನೆಯವರಿಗೆ ನಾನು ಲ್ಯಾಂಗೋಲೆನ್ ಅನ್ನೇ ಹೇಳುತ್ತೇನೆ. ಆ ಹುಡುಗಿಗೆ ತೂಬು ಎತ್ತುವ ಖುಷಿ ಬೇರೆ ಎಲ್ಲೂ ಸಿಗುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಇದೆ. ಆ ಕಾಲುವೆಯಲ್ಲಿ ನೀರು ನಿಂತಿರುವುದಿಲ್ಲ, ಹರಿಯುತ್ತದೆ. ಡೀ ನದಿಯಿಂದ ಕುಡಿಯುವ ನೀರನ್ನು ಹರ್ಲ್‌ಸ್ಟನ್ ಜಲಾಶಯಕ್ಕೆ ಸಾಗಿಸುವ ಕೆಲಸವೂ ಅದರದ್ದೇ. ಲಾಕ್ ಮುಚ್ಚಿದ್ದರೂ ನೀರು ಮುಂದೆ ಹೋಗಬೇಕಲ್ಲ, ಅದಕ್ಕೆ ಪಕ್ಕದಲ್ಲಿ ಒಂದು ಹರಿವು ಇಟ್ಟಿದ್ದಾರೆ. ಅದು ಲಾಕಿನ ಕೆಳಬಾಗಿಲ ಹತ್ತಿರ ಅಡ್ಡಲಾಗಿ ಬಂದು ಸೇರುತ್ತದೆ. ನೀವು ನೇರ ಬರುತ್ತಿದ್ದೀರಿ ಅಂದುಕೊಂಡಿರುತ್ತೀರಿ, ಕೊನೆಯ ಎರಡು ಮಾರಿನಲ್ಲಿ ಮೂತಿಯನ್ನು ಪಕ್ಕಕ್ಕೆ ತಳ್ಳಿಬಿಡುತ್ತದೆ. ನೊರೆ ಎಲ್ಲಿಂದ ಬರುತ್ತಿದೆ ನೋಡಿ, ಆ ಕಡೆಗೆ ಸ್ವಲ್ಪ ಮೂತಿ ಇಟ್ಟುಕೊಂಡು ಬನ್ನಿ.

ತಾವರೆಕೆರೆ

ಪ್ರೊಪೆಲರ್‌ಗೆ ಏನಾದರೂ ಸುತ್ತಿಕೊಂಡರೆ ಏನು ಮಾಡುವುದು ಅಂತ ಯಾರೂ ಹೇಳಿಲ್ಲ. ಕೇರಳದ ವೆಂಬನಾಡ್ ಕಡೆ ನಾನು ಇದ್ದ ಬೋಟ್‌ಗೆ ದಿನಕ್ಕೆರಡು ಸಲ ಅಂತರಗಂಗೆ ಗಿಡ ಸುತ್ತಿಕೊಳ್ಳುತ್ತಿತ್ತು. ಅಲ್ಲಿ ಹುಡುಗರು ನೀರಿಗೆ ಇಳಿದು ಬಿಡಿಸುತ್ತಿದ್ದರು.

ಚುಕ್ಕಾಣಿ

ನ್ಯಾರೋಬೋಟ್‌ನಲ್ಲಿ ನೀರಿಗೆ ಇಳಿಯುವುದು ಬೇಡ. ಎಂಜಿನ್ ಹತ್ತಿರ ಒಂದು ಮುಚ್ಚಳ ಇರುತ್ತದೆ, ನೇರ ಪ್ರೊಪೆಲರ್ ಮೇಲೆ. ಎಂಜಿನ್ ನಿಲ್ಲಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಂಡು, ಆಮೇಲೆ ಮುಚ್ಚಳ ತೆಗೆದು ಕೈ ಹಾಕಿ. ಹಗ್ಗ, ಪ್ಲಾಸ್ಟಿಕ್ ಚೀಲ, ಬಟ್ಟೆ, ಏನು ಬೇಕಾದರೂ ಸಿಗುತ್ತದೆ. ಮುಗಿದ ಮೇಲೆ ಮುಚ್ಚಳ ಬಿಗಿಯಾಗಿ ಕೂತಿದೆಯಾ ಅಂತ ಎರಡು ಸಲ ನೋಡಿ. ಸಡಿಲ ಇದ್ದರೆ ಪ್ರೊಪೆಲರ್ ತಿರುಗಿದ ಕೂಡಲೇ ನೀರು ಒಳಗೆ ಚಿಮ್ಮುತ್ತದೆ, ಅದರಿಂದಲೇ ಬೋಟ್ ಮುಳುಗಬಹುದು.

ಹೂಳಿನಲ್ಲಿ ಕೂತರೆ ಮುಂದೆ ನುಗ್ಗಬೇಡಿ. ಬಂದ ದಾರಿಯಲ್ಲೇ ರಿವರ್ಸ್. ಎಲ್ಲರೂ ಆಳ ಇರುವ ಬದಿಗೆ ಬಂದು ನಿಂತರೆ ಬೋಟ್ ಸ್ವಲ್ಪ ವಾಲಿ ಬಿಡಿಸಿಕೊಳ್ಳುತ್ತದೆ.

ಸಂಜೆಮಲ್ಲಿಗೆ (ಐದು ವಾರದ ನಂತರ)

ಹೋಗಿ ಬಂದೆವು! ಬರೆಯುವುದು ತಡವಾಯಿತು, ಕ್ಷಮಿಸಿ. ನೀವೆಲ್ಲ ಇಷ್ಟು ಕಾಳಜಿಯಿಂದ ಹೇಳಿದ್ದಿರಿ, ಆದದ್ದೆಲ್ಲ ಪೂರ್ತಿ ಹೇಳುತ್ತೇನೆ.

ಮೊದಲ ದಿನ ಎರಡು ಸಲ ಪೊದೆಗೆ ಹೋಗಿ ಹೊಡೆದೆವು. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಕೈಗೆ ಬಂತು. ನನ್ನ ಗಂಡನಿಗಿಂತ ನನಗೆ ಬೇಗ ಬಂತು, ನಾನೇ ಜಾಸ್ತಿ ಹೊತ್ತು ಓಡಿಸಿದೆ. ಟಿಲ್ಲರ್ ಮೇಲೆ ಕೈ ಇಟ್ಟರೆ ಎಂಜಿನ್ ಮಿಡಿಯುವುದು ಅಂಗೈಗೆ ಗೊತ್ತಾಗುತ್ತದೆ. ಆಳ ಕಮ್ಮಿ ಆದಾಗ ಆ ಮಿಡಿತ ಭಾರ ಆಗುತ್ತದೆ. ಆಗ ಎಂಜಿನ್ ಇಳಿಸುವುದನ್ನು ಚುಕ್ಕಾಣಿ ಅವರಿಂದ ಕಲಿತಿದ್ದೆ, ಕೆಲಸಕ್ಕೆ ಬಂತು.

ಗ್ರಿಂಡ್ಲಿ ಬ್ರೂಕ್‌ನಲ್ಲಿ ಒಂದೂವರೆ ಗಂಟೆ ಕಾದೆವು. ಅಲ್ಲಿನವರು ಮಗಳನ್ನು ಕರೆದು ಯಾವ ತೂಬು ಮೊದಲು, ಯಾವುದು ಆಮೇಲೆ ಅಂತ ಅವಳಿಂದಲೇ ಎತ್ತಿಸಿದರು. ನ್ಯೂ ಮಾರ್ಟನ್‌ನ ಎರಡು ಲಾಕ್ ದಾಟಿದ ಮೇಲೆ ಲ್ಯಾಂಗೋಲೆನ್ ತನಕ ಒಂದೂ ಇಲ್ಲ. ಚರ್ಕ್ ಸುರಂಗ 421 ಮೀಟರ್. ಎದುರಿನಿಂದ ಬರುವ ಬೋಟಿನ ದೀಪ ಕಾಣುತ್ತಿಲ್ಲ ಅಂತ ನೋಡಿಕೊಂಡು ಒಳಗೆ ಹೋದೆವು. ಹರಿವಿಗೆ ಎದುರು ಹೋಗುವುದರಿಂದ ತೆವಳಿದ ಹಾಗೆ ಆಯಿತು.

ಆಮೇಲೆ ಪೊಂಟ್‌ಕಸಲ್ಟೆ ಮೇಲ್ಗಾಲುವೆ. 1805ರಲ್ಲಿ ತೆರೆದದ್ದು, ಟೆಲ್ಫರ್ಡ್ ಮತ್ತು ಜೆಸಪ್ ಅನ್ನುವ ಎಂಜಿನಿಯರ್‌ಗಳು ಕಟ್ಟಿಸಿದ್ದು. 307 ಮೀಟರ್ ಉದ್ದದ ಕಬ್ಬಿಣದ ತೊಟ್ಟಿ, ಕೆಳಗೆ 38 ಮೀಟರ್ ಆಳದಲ್ಲಿ ಡೀ ನದಿ. ಒಂದು ಕಡೆ ನಡೆಯುವ ದಾರಿ, ಕಂಬಿ ಇದೆ. ಇನ್ನೊಂದು ಕಡೆ ಏನೂ ಇಲ್ಲ. ತೊಟ್ಟಿಯ ಅಂಚು ನೀರಿನಿಂದ ಒಂದು ಗೇಣು ಮೇಲೆ, ಅಷ್ಟೇ. ಬೋಟಿನಲ್ಲಿ ಕೂತರೆ ಆ ಅಂಚೂ ಕಣ್ಣಿಗೆ ಬೀಳುವುದಿಲ್ಲ. ಅತ್ತೆ ಮುಂಭಾಗದಲ್ಲೇ ಕೂತಿದ್ದರು. ಒಳಗೆ ಬನ್ನಿ ಅಂದರೆ ಬರಲಿಲ್ಲ. ಕೆಳಗೆ ಮರಗಳ ತಲೆಯ ಮೇಲೆ ಹಕ್ಕಿಗಳು ಹಾರುತ್ತಿದ್ದವು, ಅವುಗಳ ಬೆನ್ನು ನಮಗೆ ಕಾಣುತ್ತಿತ್ತು. "ಹಕ್ಕಿಯ ಬೆನ್ನು ನೋಡಿದ್ದು ಇದೇ ಮೊದಲು" ಅಂದರು ಅತ್ತೆ. ಆಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಈಗ ತಪ್ಪಿನ ವಿಷಯ. ವಾಪಸ್ ಬರುವಾಗ ಒಂದು ಇಳಿಯುವ ಲಾಕ್. ಜೋರು ಗಾಳಿ ಇತ್ತು. ಬೋಟ್ ಹಿಂದಕ್ಕೆ ಹೊಸ್ತಿಲ ಕಡೆ ಜಾರುತ್ತಿದೆ ಅಂತ ನನ್ನ ಗಂಡ ನಡುವಿನ ಹಗ್ಗವನ್ನು ಮೇಲಿನ ಗೂಟಕ್ಕೆ ಬಿಗಿದರು. ಹಿಡಿದುಕೊಳ್ಳುತ್ತೇನೆ ಅಂದುಕೊಂಡೇ ಶುರು ಮಾಡಿದ್ದು, ಗಾಳಿಗೆ ಕೈ ಸೋತು ಗಂಟು ಹಾಕಿಬಿಟ್ಟರು. ಇನ್ನೊಂದು ತೂಬಿಗೆ ಸಹಾಯ ಮಾಡಲು ಆಚೆ ಹೋದರು. ನಾನು ಟಿಲ್ಲರ್ ಹತ್ತಿರ. ಮಗಳು ಕೆಳಬಾಗಿಲ ತೂಬಿನ ಹತ್ತಿರ.

ಮೊದಲು ನನಗೆ ಗೊತ್ತಾದದ್ದು ಸದ್ದು. ಹಗ್ಗ ಒಣ ಬಿದಿರಿನ ಹಾಗೆ ಚಿಟಿಚಿಟಿ ಅಂದಿತು. ಆಮೇಲೆ ನಿಂತ ನೆಲ ಓರೆಯಾಯಿತು. ಒಳಗೆ ಕಪಾಟಿನ ಬಾಗಿಲು ತೆರೆದುಕೊಂಡು ತಟ್ಟೆಗಳು ಬಿದ್ದವು. ಅತ್ತೆ ಒಳಗಿದ್ದರು. ನಾನು "ತೂಬು ಮುಚ್ಚು!" ಅಂತ ಕಿರುಚಿದೆ. ಏನು, ಯಾಕೆ ಅಂತ ಮಗಳು ಕೇಳಲಿಲ್ಲ. ವಿಂಡ್‌ಲಾಸ್ ಅವಳ ಕೈಯಲ್ಲೇ ಇತ್ತು, ಹಾಕಿ ಇಳಿಸಿಬಿಟ್ಟಳು. ಆಚೆ ಕಡೆಯದನ್ನು ಅವಳಪ್ಪ ಮುಚ್ಚಿದರು. ನೀರು ನಿಂತಿತು. ಆ ಹಗ್ಗ ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಬಿಚ್ಚಲು ಆಗಲೇ ಇಲ್ಲ. ಮೇಲಿನ ತೂಬು ಸ್ವಲ್ಪವೇ ಎತ್ತಿ ಬೋಟನ್ನು ಮತ್ತೆ ಮೇಲಕ್ಕೆ ತಂದ ಮೇಲೆ ಗಂಟು ಸಡಿಲ ಆಯಿತು.

ಅತ್ತೆಗೆ ಏನೂ ಆಗಿರಲಿಲ್ಲ, ಮಂಚದ ಮೇಲೆ ಕೂತಿದ್ದರು. ಎರಡು ತಟ್ಟೆ ಒಡೆದವು. ನನ್ನ ಗಂಡ ಒಂದರ್ಧ ಗಂಟೆ ದಡದಲ್ಲಿ ಸುಮ್ಮನೆ ಕೂತಿದ್ದರು. ಮಗಳು ಹೋಗಿ ಪಕ್ಕದಲ್ಲಿ ಕೂತಳು.

ಹಳೇಹಗ್ಗ ಅವರೇ, ಗಂಟು ಹಾಕಬಾರದು ಅಂತ ನೀವು ಸ್ಪಷ್ಟವಾಗಿ ಬರೆದಿದ್ದಿರಿ. ನಾವು ಓದಿದ್ದೆವು ಕೂಡ. ಆದರೂ ಗಾಳಿ ಬಂದಾಗ ಕೈ ತಾನಾಗಿ ಗಂಟು ಹಾಕಿತು. ನೀವು "ತೂಬು ಮುಚ್ಚಿ" ಅಂತ ಹೇಳಿರದಿದ್ದರೆ ನಾನು ಬಹುಶಃ ಹಗ್ಗದ ಕಡೆಗೇ ಓಡುತ್ತಿದ್ದೆ.

ಹಳೇಹಗ್ಗ

ಓದಿ ಎದೆ ಧಸಕ್ ಅಂದಿತು. ಎಲ್ಲರೂ ಕ್ಷೇಮ, ಅಷ್ಟು ಸಾಕು. ನಿಮ್ಮ ಯಜಮಾನರಿಗೆ ಹೇಳಿ, ಕೈ ಸೋತಾಗ ಗಂಟು ಹಾಕಬೇಕು ಅನ್ನಿಸುವುದು ಸಹಜ. ಗಾಳಿ ಇದ್ದ ದಿನ ನಾನು ಮಾಡುವುದು ಹೀಗೆ: ಬೋಟನ್ನು ಮುಂದಿನ ಬಾಗಿಲ ಹತ್ತಿರಕ್ಕೆ ತಂದು ಮುಂದಿನ ಗೇರಿನಲ್ಲಿ ಎಂಜಿನ್ ಅತಿ ಕಡಿಮೆಗೆ ಇಟ್ಟು ಬಿಡುತ್ತೇನೆ. ಮೂತಿಯ ಫೆಂಡರ್, ಅಂದರೆ ಪೆಟ್ಟು ತಡೆಯುವ ಮೆತ್ತೆ, ಬಾಗಿಲಿನ ಮರಕ್ಕೆ ಮೆಲ್ಲಗೆ ಒತ್ತಿಕೊಂಡಿರುತ್ತದೆ. ಅದು ಬಾಗಿಲಿನ ಯಾವ ಪಟ್ಟಿಗೂ ಸಿಕ್ಕಿಕೊಳ್ಳದೆ ಜಾರಿ ಇಳಿಯುತ್ತಿದೆಯಾ ಅಂತ ಒಬ್ಬರು ಅದನ್ನೇ ನೋಡುತ್ತಿರಬೇಕು. ಒಂದು ತೂಬು ಮಾತ್ರ, ಅದೂ ಅರ್ಧ. ಹತ್ತು ನಿಮಿಷ ಜಾಸ್ತಿ ಹಿಡಿಯಲಿ.

ನಿಮ್ಮ ಮಗಳಿಗೆ ನನ್ನ ಶಹಬ್ಬಾಸ್ ಹೇಳಿ.

ಬೆಳ್ಳಕ್ಕಿ

ಅತ್ತೆಯವರ ಹಕ್ಕಿ ಮಾತು ಓದಿ ನನಗೆ ಅಮ್ಮನ ನೆನಪಾಯಿತು. ಮಂಡಿ ಹೇಗಿತ್ತು?

ಸಂಜೆಮಲ್ಲಿಗೆ

ಹತ್ತಿ ಇಳಿಯುವಾಗ ನೋವಿತ್ತು. ದಡ ಮತ್ತು ಬೋಟಿನ ನಡುವೆ ಒಂದು ಚಿಕ್ಕ ಮೆಟ್ಟಿಲು ಸ್ಟೂಲ್ ಇಟ್ಟ ಮೇಲೆ ಸುಲಭ ಆಯಿತು. ಬಾಡಿಗೆಗೆ ಕೊಡುವವರನ್ನು ಮೊದಲೇ ಕೇಳಿದರೆ ಕೊಡುತ್ತಾರೆ.

ಮಳೆಬಿಲ್ಲು

ನಮ್ಮದು ಮುಂದಿನ ವಾರ, ಇದೇ ದಾರಿ! ಒಂದೇ ಪ್ರಶ್ನೆ. ಹೊಸ್ತಿಲ ಗುರುತು ಎಲ್ಲ ಲಾಕ್‌ನಲ್ಲೂ ಸರಿಯಾಗಿ ಕಾಣುತ್ತದಾ?

ಸಂಜೆಮಲ್ಲಿಗೆ

ನಾವು ದಾಟಿದ ಕಡೆ ಮೇಲಿನ ಅಂಚುಗಲ್ಲಿನ ಮೇಲೆ ಬಿಳಿ ಬಣ್ಣದ ಗೆರೆ ಇತ್ತು. ಒಂದೆರಡು ಕಡೆ ಪಾಚಿ ಹಿಡಿದು ಮಾಸಿತ್ತು. ಒಳಗೆ ಹೋಗುವ ಮೊದಲು ಮಗಳು ಮುಂದೆ ನಡೆದುಹೋಗಿ ಆ ಗೆರೆಯ ಪಕ್ಕದಲ್ಲಿ ನಿಂತು ಕೈ ಎತ್ತುತ್ತಿದ್ದಳು. ಬೋಟಿನ ಹಿಂಭಾಗ, ಅಂದರೆ ನಾನು ನಿಂತಿರುವ ಜಾಗ, ಅವಳನ್ನು ದಾಟಿ ಒಂದು ಮಾರು ಮುಂದೆ ಬಂದ ಮೇಲೆ ಕೈ ಇಳಿಸುತ್ತಿದ್ದಳು. ಆಮೇಲೇ ಕೆಳಗಿನ ತೂಬಿಗೆ ಹೋಗುತ್ತಿದ್ದದ್ದು. ನೀವೂ ಹಾಗೇ ಮಾಡಿ, ಗೆರೆ ಹುಡುಕುವ ಗೋಜೇ ಇರುವುದಿಲ್ಲ.